ಕಾರ್ತಹೇನಾದ ದುಭಾಷಿಗಳು

ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿರುವ ಕಾರ್ತಹೇನಾಕ್ಕೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಗಡಿಯಾರ ಗೋಪುರದ ಕೆಳಗಿನ ಬಾಗಿಲಿನಿಂದ ಹಳೆಯ ಊರಿನೊಳಗೆ ಕಾಲಿಡುತ್ತಾರೆ. ದಾಟಿದ ಕೂಡಲೇ ಒಂದು ಬಯಲು. ಒಂದು ಬದಿಯ ಕಮಾನುಗಳ ಅಡಿಯಲ್ಲಿ ಸಾಲಾಗಿ ಮಿಠಾಯಿ ಅಂಗಡಿಗಳಿವೆ. ಗಾಜಿನ ಭರಣಿಗಳಲ್ಲಿ ಕಾಯಿಮಿಠಾಯಿ, ಹುಣಸೆಹಣ್ಣಿನ ಉಂಡೆ. ನಡುವೆ 1533ರಲ್ಲಿ ಈ ಊರು ಕಟ್ಟಿಸಿದ ಪೆದ್ರೊ ದೆ ಎರೆದಿಯಾನ ಪ್ರತಿಮೆ. ಈ ಜಾಗಕ್ಕೆ ಈಗ ‘ಗಾಡಿಗಳ ಚೌಕ’ ಎಂಬರ್ಥದ ಸ್ಪ್ಯಾನಿಷ್ ಹೆಸರಿದೆ. ಆಫ್ರಿಕಾದಿಂದ ಹಿಡಿದು ತಂದವರನ್ನು ಮಾರುತ್ತಿದ್ದದ್ದು ಇಲ್ಲಿ.

ನನ್ನ ಪಿಎಚ್.ಡಿ. ವಿಷಯ ಪೋರ್ಚುಗೀಸರ ಗೋವಾದ ಗುಲಾಮಗಿರಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಯರಲ್ಲಿ ಹಲವರ ಪೂರ್ವಿಕರು ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅದೇ ಪೋರ್ಚುಗೀಸ್ ವ್ಯಾಪಾರಿಗಳ ಕೈಯಲ್ಲೇ 1595ರಿಂದ 1640ರವರೆಗೆ ಸ್ಪೇನಿನ ಅಮೆರಿಕಕ್ಕೆ ಗುಲಾಮರನ್ನು ಪೂರೈಸುವ ಗುತ್ತಿಗೆಯೂ ಇತ್ತು. ಆ ಹಡಗುಗಳು ಬಂದು ನಿಲ್ಲುತ್ತಿದ್ದ ಮುಖ್ಯ ಬಂದರು ಕಾರ್ತಹೇನಾ. ಆ ಎಳೆ ಹಿಡಿದು ಅಲ್ಲಿಗೆ ಹೋದವಳು ನಾನು.

ಊರು ತೋರಿಸುವವರು ಹೆಚ್ಚು ಹೊತ್ತು ಮಾತಾಡುವುದು ಕೋಟೆಯ ಬಗ್ಗೆ. ಅದಕ್ಕೆ ಕಾರಣವೂ ಇದೆ. 1586ರಲ್ಲಿ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು ಒತ್ತೆಹಣ ಪಡೆದುಹೋದ ಮೇಲೆ ಸ್ಪೇನ್ ಇಲ್ಲಿ ಗೋಡೆಯ ಮೇಲೆ ಗೋಡೆ ಕಟ್ಟಿತು. 1741ರಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ವರ್ನನ್ ಭಾರೀ ನೌಕಾಪಡೆಯೊಂದಿಗೆ ಬಂದು ಸೋತ. ಗೆದ್ದೇಬಿಟ್ಟೆವೆಂದು ಲಂಡನ್ನಿನಲ್ಲಿ ಪದಕಗಳನ್ನೂ ಅಚ್ಚು ಹಾಕಿಸಿಯಾಗಿತ್ತು! ಸ್ಪೇನಿನ ಸೇನಾನಿ ಬ್ಲಾಸ್ ದೆ ಲೆಸೋಗೆ ಒಂದು ಕಾಲು, ಒಂದು ಕಣ್ಣು ಇರಲಿಲ್ಲ, ಒಂದು ಕೈಯಲ್ಲಿ ಬಲವಿರಲಿಲ್ಲ; ಕೋಟೆಯ ಮುಂದಿನ ಅವನ ಪ್ರತಿಮೆಯ ಜೊತೆ ಫೋಟೊ ತೆಗೆಸಿಕೊಳ್ಳದೆ ಯಾರೂ ಹೋಗುವುದಿಲ್ಲ. 2014ರಲ್ಲಿ ಆ ಯುದ್ಧದಲ್ಲಿ ಸತ್ತ ಇಂಗ್ಲಿಷರ ನೆನಪಿಗೆ ಒಂದು ಫಲಕ ಹಾಕಿದಾಗ ಊರಿನವರು ಎಷ್ಟು ಸಿಟ್ಟಾದರೆಂದರೆ ಒಬ್ಬಾತ ಅದನ್ನು ಸುತ್ತಿಗೆಯಿಂದ ಒಡೆದ, ಕೊನೆಗೆ ಫಲಕವನ್ನೇ ತೆಗೆದರು. ಗೋಡೆಯ ಕಥೆ ಇಲ್ಲಿ ಇನ್ನೂ ಬಿಸಿಯಾಗಿಯೇ ಇದೆ. ಆದರೆ ಆ ಕಲ್ಲು ಹೊತ್ತವರಲ್ಲಿ ಗುಲಾಮರೂ ಇದ್ದರು ಎಂಬುದು ಒಂದೇ ವಾಕ್ಯದಲ್ಲಿ ಮುಗಿಯುತ್ತದೆ.

ಗುಲಾಮರ ಮಾತು ಸ್ವಲ್ಪ ವಿವರವಾಗಿ ಬರುವುದು ಸಂತ ಪೆದ್ರೊ ಕ್ಲಾವೆರನ ಚರ್ಚಿನಲ್ಲಿ. 1610ರಲ್ಲಿ ಬಂದು 1654ರಲ್ಲಿ ಇಲ್ಲೇ ತೀರಿಕೊಂಡ ಜೆಸ್ಯುಯಿಟ್ ಪಾದ್ರಿ ಈತ. ಹಡಗು ಬಂತೆಂದು ಗೊತ್ತಾದರೆ ಬುಟ್ಟಿಯಲ್ಲಿ ಹಣ್ಣು, ಔಷಧಿ ಹಿಡಿದು ಓಡುತ್ತಿದ್ದ. ಮೂರು ಲಕ್ಷ ಜನರಿಗೆ ದೀಕ್ಷಾಸ್ನಾನ ಕೊಟ್ಟನೆಂದು ಪ್ರತೀತಿ. ಆ ಸಂಖ್ಯೆ ನನಗೆ ಉತ್ಪ್ರೇಕ್ಷೆ ಎನಿಸುತ್ತದೆ. 1888ರಲ್ಲಿ ಸಂತಪದವಿ ಸಿಕ್ಕಿತು. ಅವನ ಅಸ್ಥಿಗಳು ಪೂಜಾವೇದಿಕೆಯ ಕೆಳಗೆ ಗಾಜಿನೊಳಗಿವೆ.

ಪ್ರಶ್ನೆ ಏನೆಂದರೆ, ಅಂಗೋಲಾದಿಂದ, ಗಿನಿಯಿಂದ ಬಂದವರ ಜೊತೆ ಅವನು ಯಾವ ಭಾಷೆಯಲ್ಲಿ ಮಾತಾಡಿದ? ಅವನ ಗುರು ಅಲೊನ್ಸೊ ದೆ ಸಾಂದೊವಾಲ್ 1627ರಲ್ಲಿ ಅಚ್ಚು ಮಾಡಿಸಿದ ಗ್ರಂಥದಲ್ಲಿ ಇದೇ ತಲೆನೋವು ಮತ್ತೆ ಮತ್ತೆ ಬರುತ್ತದೆ: ಇಷ್ಟೊಂದು ಭಾಷೆಗಳಿಗೆ ದುಭಾಷಿಗಳನ್ನು ಎಲ್ಲಿಂದ ತರುವುದು? ಜೆಸ್ಯುಯಿಟರು ಕಂಡುಕೊಂಡ ಉತ್ತರ ಸರಳ: ಕೊಂಡುಕೊಳ್ಳುವುದು. ಸಂತನ ಬಾಯಾಗಿ ಮಾತಾಡಿದವರು ಜೆಸ್ಯುಯಿಟ್ ಕಾಲೇಜಿನ ಗುಲಾಮರೇ. ಹಲವು ಭಾಷೆ ಬಲ್ಲ ಒಬ್ಬನನ್ನು ಆ ಕಾಲದ ಪ್ರಸಿದ್ಧ ಬಹುಭಾಷಾ ನಿಘಂಟಿನ ಹೆಸರಿನಿಂದ ‘ಕಲೆಪಿನೊ’ ಎಂದೇ ಕರೆಯುತ್ತಿದ್ದರು.

ಕ್ಲಾವೆರ್ ಸತ್ತ ಮೇಲೆ ಅವನನ್ನು ಸಂತನಾಗಿಸುವ ವಿಚಾರಣೆ ಆರಂಭವಾದಾಗ ಈ ದುಭಾಷಿಗಳನ್ನೂ ಸಾಕ್ಷಿಗೆ ಕರೆದರು. ಅಂಗೋಲಾದ ಆಂದ್ರೆಸ್ ಸಾಕಬೂಚೆ ಅವರಲ್ಲೊಬ್ಬ. ಹಡಗಿನಲ್ಲಿ ಬಂದವರನ್ನು ಹೇಗೆ ಸಂತೈಸುತ್ತಿದ್ದರು, ಹತ್ತು ಹತ್ತು ಜನರ ಗುಂಪು ಮಾಡಿ, ನೆನಪಿಟ್ಟುಕೊಳ್ಳಲು ಸುಲಭವಾಗಲೆಂದು ಒಂದು ಗುಂಪಿಗೆಲ್ಲ ಒಂದೇ ಹೆಸರನ್ನು ಹೇಗೆ ಇಡುತ್ತಿದ್ದರು ಎಂಬುದೆಲ್ಲ ಅಲ್ಲಿದೆ. ಹೊಗಳಿದ್ದು ಸಂತನನ್ನೇ, ಬರೆದುಕೊಂಡದ್ದು ಸ್ಪ್ಯಾನಿಷ್ ಗುಮಾಸ್ತ. ಯಜಮಾನರ ಮುಂದೆ ಗುಲಾಮ ಬೇರೇನು ಹೇಳಿಯಾನು ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತು ಜನರಿಗೆ ಒಂದೇ ಹೆಸರು ಎನ್ನುವಂಥ ವಿವರ ಹೊಗಳಿಕೆಗೆ ಬೇಕಿರಲಿಲ್ಲ, ಆದರೂ ಅದು ದಾಖಲೆಗೆ ಬಿದ್ದಿದೆ. ಗೋವಾದ ಕಡತಗಳಲ್ಲಿ ಗುಲಾಮನೊಬ್ಬ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಈವರೆಗೆ ಓದಿಲ್ಲ. ಹೀಗಾಗಿ ನನಗೆ ಈ ಸಾಕ್ಷ್ಯದ ಮೇಲೆ ತುಸು ಹೊಟ್ಟೆಕಿಚ್ಚೇ ಇದೆ.

ಚರ್ಚಿನ ಹೊರಗೆ ಹಣ್ಣಿನ ಬೋಗುಣಿ ಹೊತ್ತ, ಢಾಳು ಬಣ್ಣದ ಲಂಗದ ಹೆಂಗಸರು ನಿಂತಿರುತ್ತಾರೆ. ಅವರ ಫೋಟೊ ತೆಗೆದರೆ ದುಡ್ಡು ಕೊಡಬೇಕು. ಕೊಡುವುದು ನ್ಯಾಯ ಕೂಡ. ‘ಪಲೆಂಕೆರಾ’ ಎಂದು ಕರೆಯುವ ಇವರ ಮೂಲ ಊರು ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಸಾನ್ ಬಸೀಲಿಯೊ ದೆ ಪಲೆಂಕೆ. ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಊರದು. ಮೊದಲ ನಾಯಕನೆಂದು ಅವರು ನೆನೆಯುವ ಬೆಂಕೋಸ್ ಬಿಯೋಹೊನನ್ನು ಸ್ಪ್ಯಾನಿಷರು ಮೊದಲು ಒಪ್ಪಂದ ಮಾಡಿಕೊಂಡು, ಆಮೇಲೆ 1621ರಲ್ಲಿ ಕಾರ್ತಹೇನಾದಲ್ಲಿ ಗಲ್ಲಿಗೇರಿಸಿದರು. ಆಗ ಕ್ಲಾವೆರ್ ಊರಲ್ಲೇ ಇದ್ದ.

ನಮ್ಮ ಸಿದ್ದಿಯರ ಹಿರಿಯರು ತಂದ ಭಾಷೆ ಬಹುತೇಕ ಕರಗಿಹೋಯಿತು. ಮನೆಯ ಮಾತು ಕೊಂಕಣಿ, ಕನ್ನಡ, ಮರಾಠಿಯಾಯಿತು. ಪಲೆಂಕೆಯಲ್ಲಿ ಹಾಗಾಗಲಿಲ್ಲ. ಸ್ಪ್ಯಾನಿಷ್ ಪದಗಳೊಳಗೆ ಕಾಂಗೊ ಸೀಮೆಯ ಕಿಕಾಂಗೊ ಬೆರೆತ ಒಂದು ಹೊಸ ಭಾಷೆಯೇ ಹುಟ್ಟಿಕೊಂಡಿತು. 20ನೇ ಶತಮಾನದಲ್ಲಿ ನಗರಕ್ಕೆ ಹಣ್ಣು ಮಾರಲು ಬಂದವರನ್ನು ಅದೇ ಭಾಷೆಗಾಗಿ ಜನ ಆಡಿಕೊಂಡರು. ಎಷ್ಟೋ ತಾಯಂದಿರು ಮಕ್ಕಳೊಂದಿಗೆ ಅದನ್ನಾಡುವುದನ್ನೇ ಬಿಟ್ಟರು. 2005ರಲ್ಲಿ ಯುನೆಸ್ಕೊ ಪಲೆಂಕೆಯ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು. ಅದಕ್ಕೂ ಮುಂಚಿನಿಂದಲೇ ಊರಿನ ಶಾಲೆಯಲ್ಲಿ ಆ ಭಾಷೆಯನ್ನು ಪಾಠವಾಗಿ ಕಲಿಸುತ್ತಿದ್ದಾರೆ.