ಗಾಳಿ, ಇಟ್ಟಿಗೆ, ಐತಿಹ್ಯ: ಷಿಕಾಗೋದ ಮೊನಾಡ್ನಾಕ್ ಕಟ್ಟಡ

ಐತಿಹ್ಯಗಳು ಕೋಟೆ, ಗುಡಿಗಳ ಸುತ್ತ ಮಾತ್ರ ಹುಟ್ಟುವುದಿಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ 1891ರಲ್ಲಿ ಪೂರ್ಣಗೊಂಡ 16 ಅಂತಸ್ತಿನ ಮೊನಾಡ್ನಾಕ್ ಕಟ್ಟಡವನ್ನು ಕುರಿತೂ ಒಂದು ಐತಿಹ್ಯವಿದೆ. ಬುಡದಲ್ಲಿ 6 ಅಡಿ ದಪ್ಪವಿರುವ ಅದರ ಇಟ್ಟಿಗೆ ಗೋಡೆಗಳು ಬೇರಾವ ಆಸರೆಯೂ ಇಲ್ಲದೆ ಸರೋವರದ ಗಾಳಿಯನ್ನು ಎದುರಿಸಿ ನಿಂತಿವೆ ಎಂಬುದೇ ಆ ಮಾತು. ನ್ಯೂ ಹ್ಯಾಂಪ್‌ಷೈರಿನ ಬೆಟ್ಟವೊಂದರ ಹೆಸರನ್ನು ಹೊತ್ತಿರುವುದೂ ಈ ಕಲ್ಪನೆಗೆ ಒದಗಿಬಂದಿರಬಹುದು.

ಗಾಳಿಯೆದುರು ಇಟ್ಟಿಗೆ ಗೋಡೆ ನಿಲ್ಲುವ ಬಗೆಯನ್ನು ಮೊದಲು ಗಮನಿಸಬೇಕು. ಇಟ್ಟಿಗೆ ಮತ್ತು ಗಾರೆಯ ಕಟ್ಟಣೆ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳಲಾರದು. ಗಾಳಿ ತಳ್ಳಿದಾಗ ಗೋಡೆಯ ಒಂದು ಬದಿಯಲ್ಲಿ ಎಳೆತವುಂಟಾಗಿ ಗಾರೆಯ ಸಂದುಗಳು ಬಿಚ್ಚಿಕೊಳ್ಳುವ ಸಂಭವವಿರುತ್ತದೆ. ಇದನ್ನು ತಡೆಯುವುದು ಮುಖ್ಯವಾಗಿ ಗೋಡೆಯ ತೂಕ ಹಾಗೂ ಅದರ ಮೇಲೆ ಕುಳಿತ ಮಹಡಿಗಳ ತೂಕ. ಈ ತೂಕ ಮತ್ತು ಗಾಳಿಯ ಒಟ್ಟು ಬಲದ ರೇಖೆ ಗೋಡೆಯ ದಪ್ಪದ ನಡುವಣ ಮೂರನೆಯ ಒಂದು ಪಾಲಿನೊಳಗೆ ಹಾದುಹೋದರೆ ಎಳೆತವೇ ಹುಟ್ಟದು. ಗಣಿತವು ಹೀಗೆ ಸೂತ್ರೀಕರಿಸಿದ್ದನ್ನು ಕಸುಬುದಾರರು ಎತ್ತರಕ್ಕೆ ತಕ್ಕ ದಪ್ಪವೆಂಬ ರೂಢಿಯಲ್ಲಿ ಕಾಪಾಡಿಕೊಂಡಿದ್ದರು.

ಆದರೆ ಮೊನಾಡ್ನಾಕ್‌ನ ವಾಸ್ತುಶಿಲ್ಪಿ ಜಾನ್ ರೂಟ್ ಈ ರೂಢಿಯೊಂದನ್ನೇ ನೆಚ್ಚಲಿಲ್ಲ. ನಿವೇಶನ ಕಿರಿದು, ಕಟ್ಟಡ ಎತ್ತರ. ಆದುದರಿಂದ ಒಳಗೆ ಕಬ್ಬಿಣದ ಕಂಬಗಳ ನಡುವೆ ಅಡ್ಡಪಟ್ಟಿಗಳನ್ನು ರಿವೆಟ್ ಹೊಡೆದು ಬಿಗಿದು, ಬಾಗಿಲ ಚೌಕಟ್ಟಿನಂತಹ ಗಾಳಿತಡೆಯನ್ನು ರೂಪಿಸಿದನು. ಅಮೆರಿಕದಲ್ಲಿ ಇಂಥ ವಿಧಾನದ ಮೊದಲ ಪ್ರಯತ್ನವಿದೆಂದು ಗುರುತಿಸಲಾಗಿದೆ. ಗೋಡೆಯ ಅಗಾಧ ದಪ್ಪ ಹೆಚ್ಚಾಗಿ ಮೇಲಿನ ಅಂತಸ್ತುಗಳ ಭಾರವನ್ನು ಹೊರುವುದಕ್ಕಾಗಿ ಬಂದುದು. ಆ ಭಾರಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ನೆಲ 8 ಅಂಗುಲ ಕುಸಿಯಬಹುದೆಂದು ಎಣಿಸಿದ್ದರು, ಕಟ್ಟಡ ಅದಕ್ಕಿಂತಲೂ ಕೆಳಗಿಳಿಯಿತು. ರೂಟ್ 1891ರ ಜನವರಿಯಲ್ಲಿಯೇ ತೀರಿಕೊಂಡನು. 1893ರಲ್ಲಿ ಹೋಲಾಬರ್ಡ್ ಮತ್ತು ರೋಷ್ ಸೇರಿಸಿದ ದಕ್ಷಿಣ ಭಾಗವು ಮುಖ್ಯವಾಗಿ ಉಕ್ಕಿನ ಚೌಕಟ್ಟನ್ನು ಅವಲಂಬಿಸಿತು.

ಹಾಗಾದರೆ ಇಟ್ಟಿಗೆಯ ಕಥೆ ಅಲ್ಲಿಗೆ ಮುಗಿಯಿತೇ? ಹಾಗೆಂದು ಬರೆದವರು ಅನೇಕರು. ಅದೂ ಇನ್ನೊಂದು ಐತಿಹ್ಯವೇ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಹಾಲರ್ 18 ಅಂತಸ್ತುಗಳವರೆಗಿನ ವಸತಿ ಕಟ್ಟಡಗಳನ್ನು ಇಟ್ಟಿಗೆ ಗೋಡೆಗಳ ಮೇಲೆಯೇ ನಿಲ್ಲಿಸಿದನು. ಬಾಸೆಲ್‌ನ 13 ಅಂತಸ್ತಿನ ಕಟ್ಟಡದಲ್ಲಿ ಒಳಗೋಡೆಗಳ ದಪ್ಪ ಸುಮಾರು 15 ಸೆಂಟಿಮೀಟರು ಮಾತ್ರ. ಇಂಥ ಕಟ್ಟಡಗಳಲ್ಲಿ ಗಾಳಿಗೆ ಎದುರಾದ ಗೋಡೆ ತಾನೊಂದೇ ಸೆಣಸುವುದಿಲ್ಲ. ಅದು ಪಡೆದ ತಳ್ಳುಬಲವನ್ನು ಕಾಂಕ್ರೀಟಿನ ಮಹಡಿಗಳು ಗಾಳಿಯ ದಿಕ್ಕಿನಲ್ಲಿ ಉದ್ದಕ್ಕೆ ನಿಂತ ಅಡ್ಡಗೋಡೆಗಳಿಗೆ ಒಯ್ಯುತ್ತವೆ, ಅಲ್ಲಿಂದ ಅದು ಅಡಿಪಾಯಕ್ಕೆ ಇಳಿಯುತ್ತದೆ. ಕೋಣೆಗಳನ್ನು ವಿಂಗಡಿಸುವ ಗೋಡೆಯೇ ಗಾಳಿಗೆ ಅಡ್ಡನಿಲ್ಲುವ ಗೋಡೆಯೂ ಆಯಿತು. ಷಿಕಾಗೋದ 6 ಅಡಿಯ ಗೋಡೆಯನ್ನು ಮಾತ್ರ ಜನ ಇಂದಿಗೂ ಬೆರಗಿನಿಂದ ನೋಡುತ್ತಾರೆ. ಅದರ ಒಳಗಿನ ಕಬ್ಬಿಣ ಯಾರ ಕಣ್ಣಿಗೂ ಬೀಳುವುದಿಲ್ಲ.