ರೇಷ್ಮೆ ಚೀಲ ಮತ್ತು ಶೇಂಗಾ ಹಿಂಡಿ

ಬರ್ವಾ ಅಲ್ ಬರಾಹಾದ ನಮ್ಮ ಕೋಣೆಗೆ ಚಳ್ಳಕೆರೆ ಕಡೆಯಿಂದ ಅಪ್ಪನ ಫೋನು ಬಂತು: “ನೀನು ಕಳಿಸಿದ ದುಡ್ಡೆಲ್ಲ ಶೇಂಗಾ ಹಿಂಡಿಗೇ ಹೋಗ್ತೈತೆ ಮಗಾ. ಹಾಲು ಮಾತ್ರ ಅಷ್ಟೇ ಐತೆ.” ಆ ಮಾತೇ ನನ್ನನ್ನು ಈ ಚರಿತ್ರೆಗೆ ಹಚ್ಚಿತು.

ಮೂಟೆಯ ಮೇಲಿನ ಪ್ರೋಟೀನ್ ಅಂಕಿ ಎಂದರೆ ಸಾರಜನಕ ಅಳೆದು 6.25ರಿಂದ ಗುಣಿಸಿದ್ದು. ಅಳೆಯುವ ಕ್ರಮ 1883ರಲ್ಲಿ ಕೋಪನ್‌ಹೇಗನ್ನಿನ ಕೆಲ್ಡಾಲ್ ಕೊಟ್ಟದ್ದು. ಹಸುವಿನ ಹೊಟ್ಟೆಯೊಳಗಿನ ಕಥೆ ಅದಕ್ಕೆ ತಿಳಿಯದು. 1938ರಲ್ಲಿ ದಕ್ಷಿಣ ಆಫ್ರಿಕದ ಕ್ವಿನ್ ಮತ್ತು ಸಂಗಡಿಗರು ಕುರಿಯ ಪಕ್ಕೆಯಲ್ಲಿ ಕಿಂಡಿ ಮಾಡಿ, ಮೇವು ತುಂಬಿದ ರೇಷ್ಮೆ ಚೀಲವನ್ನು ಮೊದಲ ಹೊಟ್ಟೆಗೆ ಇಳಿಬಿಟ್ಟರು. 1977ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೆಹ್ರೆಜ್, ಅರ್ಸ್ಕೋವ್ ಇಬ್ಬರೂ ಕೃತಕ ನೂಲಿನ ಚೀಲದಿಂದ ಪ್ರೋಟೀನ್ ಕರಗುವುದನ್ನು ಅಳೆದರು. ಇಷ್ಟಿಷ್ಟು ಗಂಟೆಗೊಮ್ಮೆ ಚೀಲ ತೆಗೆಯುವುದು, ತೊಳೆಯುವುದು, ಒಣಗಿಸುವುದು, ತೂಗುವುದು. ವಿಜ್ಞಾನಕ್ಕಿಂತ ಹೆಚ್ಚಾಗಿ ಅಗಸರ ಕೆಲಸ!

ಶೇಂಗಾ ಹಿಂಡಿಯ ಪ್ರೋಟೀನ್ ಬಹುಪಾಲು ಮೊದಲ ಹೊಟ್ಟೆಯಲ್ಲೇ ಒಡೆದು ಅಮೋನಿಯ ಆಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಬಳಸಿ ಮಿಕ್ಕಿದ್ದು ಗಂಜಲದ ಪಾಲು. ಹತ್ತಿಕಾಳು ಹಿಂಡಿಯದು ಅದಕ್ಕಿಂತ ಹೆಚ್ಚಾಗಿ ಉಳಿದು, ಮುಂದೆ ಕರುಳಿನಲ್ಲಿ ಜೀರ್ಣವಾಗುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ ಇಂಥ ಪಶು ಪೋಷಣೆಯ ಅಧ್ಯಯನಕ್ಕೆಂದೇ 1995ರಿಂದ ರಾಷ್ಟ್ರೀಯ ಸಂಸ್ಥೆಯೊಂದಿದೆ.

“ಅರ್ಧದಷ್ಟು ಹತ್ತಿಕಾಳು ಹಿಂಡಿ ಬೆರೆಸಿ ನೋಡಪ್ಪ” ಎಂದೆ.

“ನಿಮ್ಮಜ್ಜಿ ಹತ್ತಿಕಾಳು ರುಬ್ಬಿ ಹಾಕ್ತಿದ್ದಳಲ್ಲೋ, ಮರೆತ್ಯಾ?” ಎಂದರು ಅಪ್ಪ.