ಬಿ.ಟಿ. ಚೀಟಿಯ ಹಿಂದಿನ ಕಥೆ

ಹೊಳಲ್ಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ, ಟಾನ್ಸಿಲ್ ಆಪರೇಷನ್ನಿಗೋ ಹರ್ನಿಯಾ ಆಪರೇಷನ್ನಿಗೋ ದಿನ ಗೊತ್ತಾದ ಮೇಲೆ ವೈದ್ಯರು ಲ್ಯಾಬಿಗೆ ಬರೆದುಕೊಡುವ ಚೀಟಿಯಲ್ಲಿ 'ಬಿ.ಟಿ., ಸಿ.ಟಿ.' ಎಂಬ ಅಕ್ಷರಗಳನ್ನು ಓದುಗರು ಕಂಡಿರಬಹುದು. ಸಿ.ಟಿ. ಎಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ. ಬಿ.ಟಿ. ಎಂದರೆ ಚುಚ್ಚಿದ ಗಾಯದಿಂದ ರಕ್ತ ಸೋರುವುದು ನಿಲ್ಲಲು ಹಿಡಿಯುವ ಸಮಯ. ಲ್ಯಾಬಿನವರು ಬೆರಳಿಗೋ ಕಿವಿಯ ಹಾಲೆಗೋ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಸೋಸುಕಾಗದಕ್ಕೆ ಹನಿಯನ್ನು ಒತ್ತಿಕೊಳ್ಳುತ್ತಾರೆ. ಕೆಂಪು ಚುಕ್ಕೆಗಳು ಕಿರಿದಾಗುತ್ತ ಹೋಗಿ ಕೊನೆಗೆ ಮೂಡದೆ ಹೋದಾಗ ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ.

ಈ ಪರೀಕ್ಷೆಗೆ ನೂರು ವರ್ಷ ದಾಟಿದೆ. ಅಮೆರಿಕದ ವೈದ್ಯ ವಿಲಿಯಂ ಡ್ಯೂಕ್ ಇದನ್ನು 1910ರಲ್ಲಿ ಪ್ರಕಟಿಸಿದರು. ಪ್ಲೇಟ್‌ಲೆಟ್ ತೀರಾ ಕಡಿಮೆಯಾಗಿ ರಕ್ತ ಸೋರುತ್ತಿದ್ದ ರೋಗಿಗೆ ಬೇರೊಬ್ಬರ ರಕ್ತ ಕೊಟ್ಟಾಗ ಪ್ಲೇಟ್‌ಲೆಟ್ ಸಂಖ್ಯೆ ಏರಿತು, ಸೋರುವ ಸಮಯ ಇಳಿಯಿತು. ಇಟಲಿಯ ಬಿಜ್ಜೊಜೆರೊ 1882ರಲ್ಲೇ ಗುರುತಿಸಿದ್ದ ಈ ಸೂಕ್ಷ್ಮ ಕಣಗಳು ಗಾಯದ ಬಾಯಿ ಮುಚ್ಚುತ್ತವೆ ಎಂಬುದಕ್ಕೆ ರೋಗಿಯ ಮೈಯಲ್ಲೇ ಪುರಾವೆ ಸಿಕ್ಕಂತಾಯಿತು.

ಆದರೆ ಎಣಿಕೆಯೊಂದೇ ಸಾಲದು ಎಂಬುದೂ ಬೇಗನೇ ತಿಳಿದುಬಂತು. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗ್ಲಾನ್ಸ್‌ಮನ್ 1918ರಲ್ಲಿ ವರದಿ ಮಾಡಿದ ರೋಗಿಗಳಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆಗೆ ಕೊರತೆಯಿರಲಿಲ್ಲ. ಅವು ಕೆಲಸ ಮಾಡುತ್ತಿರಲಿಲ್ಲ. ಒನಕೆ ಓಬವ್ವನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಂಡಿ ಕಾಯುವಲ್ಲಿ ಕಾವಲಿನವರ ತಲೆ ಎಣಿಸಿದರೆ ಸಾಲದು, ಅವರು ಎಚ್ಚರವಾಗಿದ್ದಾರೆಯೇ ಎಂದೂ ನೋಡಬೇಕು. ಡೆಂಗಿ ಜ್ವರದ ದೆಸೆಯಿಂದ ಈಗ ಹಳ್ಳಿಹಳ್ಳಿಯಲ್ಲೂ 'ಪ್ಲೇಟ್‌ಲೆಟ್ ಎಷ್ಟು?' ಎಂದು ಕೇಳುವುದು ರೂಢಿಯಾಗಿದೆ. ಅವು ಹೇಗಿವೆ ಎಂದು ಕೇಳುವವರು ಅಪರೂಪ. ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದ ನಡುವೆ ಎಣಿಕೆ ಇದ್ದೂ ಮೂಗಿನಿಂದ, ಒಸಡಿನಿಂದ ರಕ್ತ ಸುರಿಯುವ ಮಗುವಿಗೆ, ಮುಟ್ಟಿನ ರಕ್ತಸ್ರಾವದಿಂದ ಬಸವಳಿಯುವ ಹುಡುಗಿಗೆ 'ಎಲ್ಲ ಸರಿಯಾಗಿದೆ' ಎಂದು ಬರೆದ ರಿಪೋರ್ಟಿನಿಂದ ಏನು ಉಪಯೋಗ?

ಬಿ.ಟಿ. ಇಂಥವರನ್ನು ಹಿಡಿಯಬೇಕಿತ್ತು. ಕೆಲವೊಮ್ಮೆ ಹಿಡಿಯುತ್ತದೆ, ಎಷ್ಟೋ ಸಲ ಬಿಟ್ಟುಬಿಡುತ್ತದೆ. ಚರ್ಮ ದಪ್ಪವೇ ತೆಳುವೇ, ಸೂಜಿ ಎಷ್ಟು ಆಳಕ್ಕಿಳಿಯಿತು, ಚುಚ್ಚಿದವರ ಕೈ ಎಂಥದು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. 1941ರಲ್ಲಿ ಐವಿ ಎಂಬ ವಿಜ್ಞಾನಿ ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದು ಮುಂಗೈ ಮೇಲೆ ಗಾಯ ಮಾಡುವ ಕ್ರಮ ತಂದರು. 1969ರಲ್ಲಿ ಗಾಯದ ಅಳತೆಗೂ ಅಚ್ಚು ಬಂತು. ಅಷ್ಟಾದರೂ 1998ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞರು, ಆಪರೇಷನ್ನಿನಲ್ಲಿ ಯಾರಿಗೆ ರಕ್ತ ಹೆಚ್ಚು ಹೋದೀತು ಎಂಬುದನ್ನು ಬಿ.ಟಿ. ಮುನ್ಸೂಚಿಸದು ಎಂದು ಸಾರಿದರು. ನಮ್ಮಲ್ಲಿ ಚೀಟಿ ಮಾತ್ರ ಮುಂದುವರಿದಿದೆ. ಹಿಮೋಫಿಲಿಯಾದಲ್ಲಂತೂ ಬಿ.ಟಿ. ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ ಎಂಬುದನ್ನು ಮರೆಯಬಾರದು.

ನಿಜವಾದ ತಿರುವು ಬಂದದ್ದು 1962ರಲ್ಲಿ, ಲಂಡನ್ನಿನಲ್ಲಿ. ಅದನ್ನು ತಂದ ಗುಸ್ತಾವ್ ಬಾರ್ನ್, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಮಗ. ತಂದೆ 1935-36ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ತಿಂಗಳು ಇದ್ದವರು. (ಅದೇ ಸಂಸ್ಥೆಯ ಇನ್ನೊಂದು ಆವರಣ ಈಗ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.) ಮಗನ ಉಪಾಯ ಸರಳವಾದದ್ದು. ರಕ್ತವನ್ನು ನಿಧಾನವಾಗಿ ತಿರುಗಿಸಿದರೆ ಕೆಂಪುಕಣಗಳು ತಳಕ್ಕಿಳಿದು, ಪ್ಲೇಟ್‌ಲೆಟ್ ತುಂಬಿದ ಮಬ್ಬು ದ್ರವ ಮೇಲುಳಿಯುತ್ತದೆ. ಅದರೊಳಗೆ ಬೆಳಕು ಹಾಯಿಸಿ, ಎ.ಡಿ.ಪಿ. ಎಂಬ ರಾಸಾಯನಿಕವನ್ನು ಹಾಕಬೇಕು. ಕಡೆದಾಗ ಬೆಣ್ಣೆ ಉಂಡೆಗಟ್ಟಿ ಮಜ್ಜಿಗೆ ತೆಳುವಾಗುವಂತೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ದ್ರವ ತಿಳಿಯಾಗುತ್ತದೆ. ಬೆಳಕು ಹೆಚ್ಚು ದಾಟುತ್ತದೆ. ಎಷ್ಟು ದಾಟಿತು ಎಂಬುದನ್ನು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಪೋರ್ಟ್ಸ್‌ಮತ್ತಿನ ಓಬ್ರಿಯನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇಂಥದೇ ವಿಧಾನವನ್ನು ಪ್ರಕಟಿಸಿದರು.

ಈ ಅಗ್ರಿಗೊಮೀಟರಿನ ಹೆಚ್ಚುಗಾರಿಕೆ ಎಂದರೆ ಅದು ದೋಷ ಯಾವುದೆಂದು ಬಿಡಿಸಿ ಹೇಳುತ್ತದೆ. ಗ್ಲಾನ್ಸ್‌ಮನ್ ಕಾಯಿಲೆಯಲ್ಲಿ ಎ.ಡಿ.ಪಿ., ಕೊಲಾಜನ್, ಅಡ್ರಿನಲಿನ್ ಯಾವುದಕ್ಕೂ ಗೆರೆ ಏಳದು, ರಿಸ್ಟೊಸೆಟಿನ್‌ಗೆ ಮಾತ್ರ ಏಳುತ್ತದೆ. 1948ರಲ್ಲಿ ಫ್ರಾನ್ಸಿನಲ್ಲಿ ಗುರುತಿಸಿದ ಬರ್ನಾರ್ಡ್–ಸೂಲಿಯೇ ಕಾಯಿಲೆಯಲ್ಲಿ ಇದರ ತದ್ವಿರುದ್ಧ. ರಿಸ್ಟೊಸೆಟಿನ್ ಒಂದು ಆ್ಯಂಟಿಬಯಾಟಿಕ್. ರೋಗಿಗಳ ಪ್ಲೇಟ್‌ಲೆಟ್ ಇಳಿಸುತ್ತದೆಂದು ಅದನ್ನು ಹಿಂದೆಗೆದುಕೊಂಡಿದ್ದರು. ಆ ದೋಷವೇ 1971ರಲ್ಲಿ ಅದಕ್ಕೆ ಲ್ಯಾಬಿನಲ್ಲಿ ಕೆಲಸ ಕೊಟ್ಟಿತು.

ಆಮೇಲೆ ಇಡೀ ರಕ್ತದಲ್ಲೇ ಎರಡು ತಂತಿ ಇಳಿಸಿ ವಿದ್ಯುತ್ ತಡೆಯನ್ನು ಅಳೆಯುವ ವಿಧಾನ 1980ರಲ್ಲಿ ಬಂತು. 1990ರ ದಶಕದ ಪಿ.ಎಫ್.ಎ.-100 ಯಂತ್ರ ಸಣ್ಣ ರಂಧ್ರದ ಮೂಲಕ ರಕ್ತವನ್ನೆಳೆದು, ರಂಧ್ರ ಮುಚ್ಚಲು ಎಷ್ಟು ಹೊತ್ತು ಹಿಡಿಯಿತೆಂದು ಹೇಳುತ್ತದೆ. ಕೆಲವೇ ನಿಮಿಷದ ಕೆಲಸ. ಆದರೆ ಸೌಮ್ಯ ದೋಷಗಳು ಇದರ ಕಣ್ಣು ತಪ್ಪಿಸುತ್ತವೆ. ರಕ್ತಹೀನತೆ ಇದ್ದರೂ ಸಮಯ ಏರುತ್ತದೆ. ಮುಟ್ಟಿನಲ್ಲಿ ರಕ್ತ ಹೋಗಿಯೇ ರಕ್ತಹೀನರಾದ ನಮ್ಮ ಹೆಣ್ಣುಮಕ್ಕಳಿಗೆ ಇದೇನು ಸಣ್ಣ ತೊಡಕಲ್ಲ. ಹೀಗಾಗಿ ಬಾರ್ನರ ಹಳೆಯ ವಿಧಾನವೇ ಇಂದಿಗೂ ಒರೆಗಲ್ಲು.

ಇದು ನಮ್ಮ ಭಾಗಕ್ಕೇಕೆ ಮುಖ್ಯ? ಗ್ಲಾನ್ಸ್‌ಮನ್, ಬರ್ನಾರ್ಡ್–ಸೂಲಿಯೇ ಎರಡೂ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸುವ ಕಾಯಿಲೆಗಳು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಮದುವೆಯಾಗುವ ಕಡೆ ಇವುಗಳ ಸಂಭವ ಹೆಚ್ಚು. ಮೈಸೂರು, ಬೆಂಗಳೂರುಗಳಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ಆಗಿದ್ದನ್ನು ಕಂಡಿತ್ತು. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಹಾಗಾಗಿ ಹಿಮೋಫಿಲಿಯಾದ ಹೆಸರು ಇಲ್ಲಿ ಅಷ್ಟಿಷ್ಟು ಪರಿಚಿತ. ಪ್ಲೇಟ್‌ಲೆಟ್ ಕಾಯಿಲೆಗಳಿಗೆ ಆ ಭಾಗ್ಯವೂ ಇಲ್ಲ.

ಅಗ್ರಿಗೊಮೀಟರ್ ಇರುವುದು ವೆಲ್ಲೂರಿನ ಸಿ.ಎಂ.ಸಿ.ಯಂಥ ದೊಡ್ಡ ಆಸ್ಪತ್ರೆಗಳಲ್ಲಿ. ಬೇರೆ ಪರೀಕ್ಷೆಗಳಂತೆ ಇದರ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸುವಂತಿಲ್ಲ. ತಣ್ಣಗಾದರೆ, ಕುಲುಕಿದರೆ ಪ್ಲೇಟ್‌ಲೆಟ್ ಕೆಡುತ್ತದೆ. ತೆಗೆದ ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು. ವಾರ, ಹತ್ತು ದಿನ ಮೊದಲಿನಿಂದ ಆಸ್ಪಿರಿನ್ ಬೆರೆತ ಮಾತ್ರೆ ನುಂಗಿರಬಾರದು. ಯಾವ ಮಾತ್ರೆ ಬಿಡಬೇಕೆಂಬುದನ್ನು ವೈದ್ಯರನ್ನೇ ಕೇಳಬೇಕು. ಹಿರಿಯೂರಿನ ರೋಗಿಯಾದರೆ ರಕ್ತದ ಬದಲು ತಾನೇ ಬಸ್ಸು ಹತ್ತಬೇಕು.